ಸಂಘರ್ಷದಲ್ಲಿ ಧರ್ಮದ ಪಾಲೆಷ್ಟು: ಪವಿತ್ರ ಸ್ಥಳದ ವಿವಾದವೊಂದನ್ನು ಪರಿಶೀಲಿಸುವ ಕ್ರಮ

ಪವಿತ್ರ ಸ್ಥಳವೊಂದರ ಹೆಸರಿನಲ್ಲಿ ಜನ ಸತ್ತ ಸುದ್ದಿ ಬಂದಾಗಲೆಲ್ಲ ಎರಡು ತೀರ್ಪುಗಳು ಮೊದಲೇ ಸಿದ್ಧವಾಗಿರುತ್ತವೆ. ಧರ್ಮವೇ ಎಲ್ಲಕ್ಕೂ ಮೂಲ ಎಂದು ಒಬ್ಬರು ಹೇಳಿದರೆ, ಧರ್ಮ ಕೇವಲ ನೆಪ, ಒಳಗಿರುವುದೆಲ್ಲ ಅಧಿಕಾರದ ಲೆಕ್ಕಾಚಾರ ಎಂದು ಇನ್ನೊಬ್ಬರು ಹೇಳುತ್ತಾರೆ. ಆ ಸ್ಥಳದ ಚರಿತ್ರೆಯ ಒಂದು ಪುಟವನ್ನೂ ಓದದೆ ಈ ಎರಡೂ ಮಾತುಗಳನ್ನು ಆಡಲು ಸಾಧ್ಯವಿರುವುದರಿಂದಲೇ ಅವು ಅಷ್ಟು ಬೇಗ ಹರಡುತ್ತವೆ. ಇದರಿಂದಾಗುವ ಹಾನಿ ಸಣ್ಣದಲ್ಲ. ಕಾರಣವನ್ನು ತಪ್ಪಾಗಿ ಗುರುತಿಸಿದ ಸರಕಾರ ಪರಿಹಾರವನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ತಪ್ಪಾಗಿ ಗುರುತಿಸಿದ ಸಮಾಜ ಪಕ್ಕದ ಸಮುದಾಯವನ್ನು ಇಡಿಯಾಗಿ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ.

ವಿದ್ಯಾರ್ಥಿಗಳು, ಪತ್ರಕರ್ತರು, ಇಂಥ ವಿಷಯಗಳಲ್ಲಿ ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬೇಕೆನ್ನುವ ಯಾರೇ ಆದರೂ ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಧರ್ಮವಾಗಲಿ ಪವಿತ್ರ ಸ್ಥಳವಾಗಲಿ ಒಂಟಿಯಾಗಿ ರಾಜಕೀಯ ಸಂಘರ್ಷವನ್ನು ಹುಟ್ಟಿಸುವುದು ಅಪರೂಪ. ಆದರೆ ಬೇರೆ ಕಾರಣಗಳಿಂದ ಹುಟ್ಟಿದ ಜಗಳ ಒಮ್ಮೆ ಪವಿತ್ರ ಸ್ಥಳಕ್ಕೆ ಬಂದು ತಗುಲಿಕೊಂಡಿತೆಂದರೆ, ಅದು ಮೊದಲಿಲ್ಲದ ವೇಗದಲ್ಲಿ ಹರಡುತ್ತದೆ ಮತ್ತು ರಾಜಿಗೆ ಸುಲಭವಾಗಿ ಒಗ್ಗದಂತಾಗುತ್ತದೆ. ಈ ನಿಲುವನ್ನು ನಂಬಿಕೊಂಡು ಮುಂದೆ ಓದಬೇಕಾಗಿಲ್ಲ. ಕೆಳಗಿನ ಪರೀಕ್ಷೆಗಳಿಗೆ ಇದನ್ನೂ ಒಡ್ಡಬಹುದು.

ಪ್ರಶ್ನೆಯನ್ನು ಮೂರಾಗಿ ಬಿಡಿಸಿಕೊಳ್ಳಿ

"ಈ ಸಂಘರ್ಷಕ್ಕೆ ಧರ್ಮ ಕಾರಣವೇ?" ಎಂಬ ಪ್ರಶ್ನೆಯಲ್ಲಿ ಕನಿಷ್ಠ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ: ಜಗಳ ಶುರುವಾದದ್ದು ಏಕೆ, ಅದು ಹರಡಿದ್ದು ಹೇಗೆ, ಮುಗಿಯದೆ ಉಳಿದದ್ದು ಏಕೆ. ಒಂದೇ ಸಂಘರ್ಷದಲ್ಲಿ ಈ ಮೂರಕ್ಕೂ ಬೇರೆ ಬೇರೆ ಉತ್ತರಗಳು ಸಿಗುವುದು ಸಾಮಾನ್ಯ. ಆದ್ದರಿಂದ ಟಿಪ್ಪಣಿ ಬರೆಯಲು ಕುಳಿತಾಗ ಮೂರಕ್ಕೂ ಪ್ರತ್ಯೇಕ ಪುಟಗಳನ್ನಿಟ್ಟುಕೊಳ್ಳಿ. ಸಿಕ್ಕ ಪ್ರತಿಯೊಂದು ಸಂಗತಿಯೂ ಯಾವ ಪುಟಕ್ಕೆ ಸೇರಬೇಕೆಂದು ಆಗಾಗ ಯೋಚಿಸುವ ಶ್ರಮವೇ ಅರ್ಧ ವಿಶ್ಲೇಷಣೆಯನ್ನು ಮಾಡಿಕೊಡುತ್ತದೆ.

ಯೂರೋಪಿನ ಮೂವತ್ತು ವರ್ಷಗಳ ಯುದ್ಧ ಇದಕ್ಕೆ ಒಳ್ಳೆಯ ನಿದರ್ಶನ. ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಪ್ರಾಟೆಸ್ಟಂಟರಿಗೆ 1609ರ ರಾಜಪತ್ರವೊಂದು ಪೂಜಾ ಸ್ವಾತಂತ್ರ್ಯವನ್ನು ನೀಡಿತ್ತು. ಆದರೆ ಬ್ರೌನೌ ಮತ್ತು ಕ್ಲೋಸ್ಟರ್‌ಗ್ರಾಬ್ ಎಂಬ ಊರುಗಳಲ್ಲಿ ಅವರು ಕಟ್ಟಿಕೊಂಡ ಚರ್ಚುಗಳು ಕ್ಯಾಥೊಲಿಕ್ ಧರ್ಮಸಂಸ್ಥೆಯ ಜಮೀನಿನಲ್ಲಿವೆ, ಅಲ್ಲಿ ಆ ಪತ್ರ ನಡೆಯುವುದಿಲ್ಲ ಎಂದು ಹೇಳಿ ಒಂದನ್ನು ಮುಚ್ಚಿಸಲಾಯಿತು, ಇನ್ನೊಂದನ್ನು ಕೆಡವಲಾಯಿತು. ಆ ಸಿಟ್ಟು ಬೆಳೆದು 1618ರ ಮೇ 23ರಂದು ಚಕ್ರವರ್ತಿಯ ಪ್ರತಿನಿಧಿಗಳನ್ನು ಪ್ರಾಗ್ ಕೋಟೆಯ ಕಿಟಕಿಯಿಂದ ಹೊರಗೆಸೆಯುವವರೆಗೆ ಹೋಯಿತು, ಯುದ್ಧ ಶುರುವಾಯಿತು. ಇಷ್ಟನ್ನು ನೋಡಿದರೆ ಪೂಜಾಸ್ಥಳದ ವಿವಾದವೇ ಕಾರಣ ಎನ್ನಬೇಕಾಗುತ್ತದೆ. ಆದರೆ 1631ರ ಹೊತ್ತಿಗೆ ಕ್ಯಾಥೊಲಿಕ್ ಫ್ರಾನ್ಸ್, ಅದೂ ಕಾರ್ಡಿನಲ್ ಆಗಿದ್ದ ರಿಶಲ್ಯೂನ ಮುಂದಾಳತ್ವದಲ್ಲಿ, ಕ್ಯಾಥೊಲಿಕ್ ಚಕ್ರವರ್ತಿಯ ವಿರುದ್ಧ ಹೋರಾಡಲು ಪ್ರಾಟೆಸ್ಟಂಟ್ ಸ್ವೀಡನ್ನಿಗೆ ಹಣ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತ್ತು. 1635ರಲ್ಲಿ ತಾನೇ ನೇರವಾಗಿ ಯುದ್ಧಕ್ಕಿಳಿಯಿತು. ಆರಂಭದ ಪುಟದಲ್ಲಿ ಧರ್ಮಕ್ಕೆ ದೊಡ್ಡ ಸ್ಥಾನವಿದೆ. ಯುದ್ಧ 1648ರವರೆಗೆ ಎಳೆದದ್ದು ಏಕೆ ಎಂಬ ಪುಟದಲ್ಲಿ ಚಕ್ರವರ್ತಿಯ ಹ್ಯಾಬ್ಸ್‌ಬರ್ಗ್ ಮನೆತನದ ಬಲ ಬೆಳೆಯುವ ಭಯ ಮುಂದಿನ ಸಾಲಿಗೆ ಬರುತ್ತದೆ.

ಮೌನದ ವರ್ಷಗಳನ್ನು ಗುರುತಿಸಿ

ಎರಡನೆಯ ಕೆಲಸ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು. ಎಲ್ಲರೂ ಗಲಭೆಯ ದಿನಾಂಕಗಳನ್ನು ಬರೆದುಕೊಳ್ಳುತ್ತಾರೆ. ನೀವು ಗಲಭೆ ಇಲ್ಲದ ವರ್ಷಗಳನ್ನೂ ಬರೆದುಕೊಳ್ಳಿ. ನಂಬಿಕೆ ಶತಮಾನಗಳಿಂದ ಹಾಗೆಯೇ ಇದ್ದು, ಸ್ಥಳವೂ ಅಲ್ಲೇ ಇದ್ದು, ಜಗಳ ಮಾತ್ರ ನಿರ್ದಿಷ್ಟ ದಶಕಗಳಲ್ಲಿ ಎದ್ದಿದ್ದರೆ, ಆ ದಶಕಗಳಲ್ಲಿ ಹೊಸದಾಗಿ ಬಂದದ್ದೇನು ಎಂದು ಕೇಳಲೇಬೇಕಾಗುತ್ತದೆ. ಬದಲಾಗದೆ ಉಳಿದ ಸಂಗತಿಯೊಂದರಿಂದಲೇ ಬದಲಾವಣೆಯನ್ನು ವಿವರಿಸಲಾಗದು.

ಅಯೋಧ್ಯೆಯ ವಿವಾದದಲ್ಲಿ 1885ರಲ್ಲೇ ಮೊಕದ್ದಮೆ ದಾಖಲಾಗಿತ್ತು. 1949ರ ಡಿಸೆಂಬರಿನಲ್ಲಿ ಮಸೀದಿಯೊಳಗೆ ಮೂರ್ತಿಗಳನ್ನಿಟ್ಟ ಮೇಲೆ ಬಾಗಿಲಿಗೆ ಬೀಗ ಬಿತ್ತು. ಆದರೂ 1980ರ ದಶಕದವರೆಗೆ ಅದು ಬಹುಮಟ್ಟಿಗೆ ಒಂದು ಜಿಲ್ಲೆಯ ನ್ಯಾಯಾಲಯದ ವ್ಯಾಜ್ಯವಾಗಿಯೇ ಉಳಿದಿತ್ತು. 1984ರ ಬಳಿಕದ ಸಂಘಟಿತ ಆಂದೋಲನ, 1986ರಲ್ಲಿ ಬೀಗ ತೆರೆದದ್ದು, 1990ರ ರಥಯಾತ್ರೆ, 1992ರ ಡಿಸೆಂಬರ್ 6ರ ಧ್ವಂಸ, 2019ರ ನವೆಂಬರ್ 9ರ ಸುಪ್ರೀಂ ಕೋರ್ಟ್ ತೀರ್ಪು ಇವೆಲ್ಲ ಆಮೇಲಿನವು. ಭಕ್ತರ ಶ್ರದ್ಧೆ 1950ರಲ್ಲಿ ಕಡಿಮೆಯಿತ್ತು, 1990ರಲ್ಲಿ ಹೆಚ್ಚಾಯಿತು ಎಂದು ಹೇಳಲು ಆಧಾರವಿಲ್ಲ. ಹಾಗಿದ್ದಮೇಲೆ ಪಕ್ಷಗಳ ಸ್ಪರ್ಧೆ, ಚುನಾವಣೆಗಳು, ಅಂದಂದಿನ ಸರಕಾರಗಳ ನಿರ್ಧಾರಗಳು ಇವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡೇ ಆ ಕಾಲಾನುಕ್ರಮವನ್ನು ಓದಬೇಕು. ಇಸ್ತಾನ್‌ಬುಲ್‌ನ ಹಾಗಿಯಾ ಸೋಫಿಯಾದ್ದೂ ಇಂಥದೇ ಕಥೆ: 537ರಲ್ಲಿ ಚರ್ಚಾಗಿ ಪೂರ್ಣಗೊಂಡು, 1453ರಲ್ಲಿ ಮಸೀದಿಯಾಗಿ, 1934ರ ಸಚಿವ ಸಂಪುಟದ ನಿರ್ಣಯದಿಂದ ವಸ್ತುಸಂಗ್ರಹಾಲಯವಾಗಿ, 2020ರ ಜುಲೈನಲ್ಲಿ ಮತ್ತೆ ಮಸೀದಿಯಾದ ಆ ಕಟ್ಟಡದ ಪ್ರತಿ ತಿರುವಿನ ಹಿಂದೆಯೂ ರಾಜ್ಯಾಧಿಕಾರದ ಸ್ವರೂಪ ಬದಲಾದ ಗುರುತಿದೆ.

ಕಿಡಿ ಹೊತ್ತಿಸಿದ ಘಟನೆಗೂ ಅದಕ್ಕಿಂತ ಹಿಂದಿನ ಸ್ಥಿತಿಗೂ ಇರುವ ವ್ಯತ್ಯಾಸ ಕಾಣುವುದೂ ಕಾಲಾನುಕ್ರಮದಲ್ಲೇ. ಇರಾಕಿನ ಸಮಾರಾದಲ್ಲಿ ಶಿಯಾಗಳಿಗೆ ಪೂಜ್ಯವಾದ ಅಸ್ಕರಿ ದರ್ಗಾದ ಗುಮ್ಮಟವನ್ನು 2006ರ ಫೆಬ್ರವರಿ 22ರಂದು ಸ್ಫೋಟಿಸಲಾಯಿತು. ಅಂತರ್ಯುದ್ಧ ಆ ದಿನ ಶುರುವಾಯಿತೆಂದು ಬರೆಯುವವರಿದ್ದಾರೆ. ಆದರೆ 2003ರಲ್ಲೇ ಆಕ್ರಮಣದ ಬೆನ್ನಿಗೆ ಇರಾಕಿ ಸೇನೆಯನ್ನು ವಿಸರ್ಜಿಸಲಾಗಿತ್ತು, ಸದ್ದಾಂ ಹುಸೇನರ ಬಾತ್ ಪಕ್ಷದವರನ್ನು ಸರಕಾರಿ ಹುದ್ದೆಗಳಿಂದ ತೆಗೆಯಲಾಗಿತ್ತು, ಪಂಥ ಆಧಾರಿತ ಕೊಲೆಗಳೂ ನಡೆಯುತ್ತಿದ್ದವು. ಬಾಂಬಿಟ್ಟವರು ಆ ಗುಮ್ಮಟವನ್ನು ಆರಿಸಿಕೊಂಡದ್ದು ಅದರ ಪವಿತ್ರತೆ ಎಷ್ಟು ಜನರನ್ನು ಒಟ್ಟಿಗೆ ಕೆರಳಿಸಬಲ್ಲದೆಂದು ಬಲ್ಲವರಾದ್ದರಿಂದ. ಹರಡುವಿಕೆಯ ಪುಟದಲ್ಲಿ ಈ ಘಟನೆಗೆ ದೊಡ್ಡ ಅಕ್ಷರಗಳಲ್ಲಿ ಜಾಗ ಕೊಡಿ, ಆರಂಭದ ಪುಟದಲ್ಲಿ ಕೊಡಬೇಡಿ.

ಯಾರು ಯಾರ ಕಡೆಗಿದ್ದಾರೆ ನೋಡಿ

ಇದು ಸರಳವಾದ ಪರೀಕ್ಷೆ, ಬೇಗ ಮುಗಿಯುತ್ತದೆ. ಧರ್ಮವೇ ಗೆರೆ ಎಳೆದಿದ್ದರೆ ಮಿತ್ರತ್ವಗಳೂ ಆ ಗೆರೆಯ ಪ್ರಕಾರವೇ ಇರಬೇಕು. ನಾಗೊರ್ನೊ ಕರಬಾಖ್ ಪ್ರದೇಶಕ್ಕಾಗಿ ಕ್ರೈಸ್ತ ಆರ್ಮೇನಿಯವೂ ಶಿಯಾ ಬಹುಸಂಖ್ಯಾತ ಅಜರ್‌ಬೈಜಾನೂ ಕಾದಾಡಿದ ದಶಕಗಳಲ್ಲಿ ಶಿಯಾ ಇರಾನ್ ಆರ್ಮೇನಿಯದೊಂದಿಗೆ ವ್ಯಾಪಾರ ಮಾರ್ಗವನ್ನು ತೆರೆದೇ ಇಟ್ಟಿತ್ತು. 1971ರಲ್ಲಿ ಪಾಕಿಸ್ತಾನ ಒಡೆದಾಗ ಎರಡೂ ಕಡೆಯ ಬಹುಸಂಖ್ಯಾತರು ಒಂದೇ ಧರ್ಮದವರಾಗಿದ್ದರು. ಭಾಷೆ, ಅಧಿಕಾರ, ಆದಾಯದ ಹಂಚಿಕೆಯ ಅನ್ಯಾಯ ಅವರನ್ನು ಬೇರ್ಪಡಿಸಿತ್ತು.

ಈ ಪರೀಕ್ಷೆಗೆ ಅತ್ಯಂತ ಸ್ಪಷ್ಟ ಉತ್ತರ ಕೊಡುವ ಸ್ಥಳ, ನನ್ನ ದೃಷ್ಟಿಯಲ್ಲಿ, ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಗಡಿಯ ಬೆಟ್ಟದ ತುದಿಯಲ್ಲಿರುವ ಪ್ರೀಹ್ ವಿಹಾರ್ ದೇವಾಲಯ. ಖ್ಮೇರ್ ಅರಸರು ಕಟ್ಟಿಸಿದ ಈ ಶಿವಾಲಯಕ್ಕಾಗಿ ಹೋರಾಡಿದ ಎರಡೂ ರಾಷ್ಟ್ರಗಳು ಬೌದ್ಧ ಬಹುಸಂಖ್ಯಾತ ರಾಷ್ಟ್ರಗಳು. ಇಲ್ಲಿ ತತ್ತ್ವದ ಜಗಳವೇ ಇಲ್ಲ. ಕಾಂಬೋಡಿಯಾವನ್ನು ಆಗ ಆಳುತ್ತಿದ್ದ ಫ್ರಾನ್ಸಿಗೂ ಸಯಾಮಿಗೂ (ಇಂದಿನ ಥಾಯ್ಲೆಂಡ್) ಆದ 1904ರ ಒಪ್ಪಂದ ಗಡಿಯು ಜಲವಿಭಾಜಕ ರೇಖೆಯ, ಅಂದರೆ ಮಳೆನೀರು ಎರಡು ಕಡೆಗೆ ಇಳಿದುಹೋಗುವ ಬೆಟ್ಟದ ಏಣಿನ, ಮೇಲೆ ಸಾಗುತ್ತದೆಂದು ಹೇಳಿತ್ತು. ಆಮೇಲೆ ಫ್ರೆಂಚ್ ಅಧಿಕಾರಿಗಳು ಬರೆದ ನಕ್ಷೆ ದೇವಾಲಯವನ್ನು ಕಾಂಬೋಡಿಯಾದ ಕಡೆಗೆ ತೋರಿಸಿತು. ಅಂತಾರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಒಂಬತ್ತು–ಮೂರರ ಬಹುಮತದಿಂದ ದೇವಾಲಯ ಕಾಂಬೋಡಿಯಾದ್ದೆಂದು ತೀರ್ಪು ಕೊಟ್ಟಿತು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ಯಾಂಕಾಕಿನಲ್ಲಿ ಆಗಲೇ ಸರಕಾರದ ವಿರುದ್ಧ ಬೀದಿ ಹೋರಾಟ ನಡೆಯುತ್ತಿತ್ತು. ವಿರೋಧಿಗಳು ದೇವಾಲಯದ ವಿಷಯವನ್ನು ಎತ್ತಿಕೊಂಡರು, ವಿದೇಶಾಂಗ ಸಚಿವರು ರಾಜೀನಾಮೆ ಕೊಡಬೇಕಾಯಿತು, 2011ರವರೆಗೆ ಗಡಿಯಲ್ಲಿ ಮತ್ತೆ ಮತ್ತೆ ಗುಂಡು ಹಾರಿತು. 2013ರಲ್ಲಿ ನ್ಯಾಯಾಲಯ ತನ್ನ ಹಳೆಯ ತೀರ್ಪನ್ನು ಮತ್ತೊಮ್ಮೆ ವಿವರಿಸಬೇಕಾಯಿತು. ದೇವರ ಬಗ್ಗೆ ಭಿನ್ನಾಭಿಪ್ರಾಯವಿಲ್ಲದೆಯೂ ದೇವಾಲಯಕ್ಕಾಗಿ ಸೈನಿಕರು ಸಾಯಬಲ್ಲರು ಎಂಬುದು ಇಲ್ಲಿ ಖಚಿತವಾಗುತ್ತದೆ.

ಬೇಡಿಕೆಗಳನ್ನೂ ಒಪ್ಪಂದಗಳನ್ನೂ ಓದಿ

ಭಾಷಣಗಳಲ್ಲಿ ಎಲ್ಲವೂ ಪವಿತ್ರವಾಗಿಯೇ ಕೇಳಿಸುತ್ತದೆ. ಜನ ನಿಜವಾಗಿ ಕೇಳುವುದೇನೆಂದು ಗೊತ್ತಾಗುವುದು ಲಿಖಿತ ಬೇಡಿಕೆಗಳಲ್ಲಿ ಮತ್ತು ಕೊನೆಗೆ ಸಹಿಯಾದ ಒಪ್ಪಂದಗಳಲ್ಲಿ. ಉತ್ತರ ಐರ್ಲೆಂಡಿನಲ್ಲಿ ಮೂರು ದಶಕಗಳ ಕಾಲ ನಡೆದು 3,500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಸಂಘರ್ಷವನ್ನು ಜಗತ್ತು ಕ್ಯಾಥೊಲಿಕ್–ಪ್ರಾಟೆಸ್ಟಂಟ್ ಜಗಳವೆಂದೇ ಕರೆಯಿತು. ಅದನ್ನು ಬಹುಮಟ್ಟಿಗೆ ನಿಲ್ಲಿಸಿದ 1998ರ ಏಪ್ರಿಲ್ 10ರ ಒಪ್ಪಂದವನ್ನು ತೆರೆದು ನೋಡಿ. ಪೋಪರ ಅಧಿಕಾರದ ಬಗ್ಗೆಯಾಗಲಿ ಮೋಕ್ಷದ ಮಾರ್ಗದ ಬಗ್ಗೆಯಾಗಲಿ ಅದರಲ್ಲಿ ಒಂದು ಸಾಲೂ ಇಲ್ಲ. ಬಹುಮತದ ಒಪ್ಪಿಗೆಯಿಲ್ಲದೆ ಪ್ರದೇಶದ ಸ್ಥಾನಮಾನ ಬದಲಾಗದು, ಎರಡೂ ಸಮುದಾಯಗಳು ಅಧಿಕಾರವನ್ನು ಹಂಚಿಕೊಳ್ಳಬೇಕು, ಪೊಲೀಸ್ ವ್ಯವಸ್ಥೆ ಸುಧಾರಿಸಬೇಕು, ಶಸ್ತ್ರಗಳನ್ನು ಕೆಳಗಿಡಬೇಕು, ಕೈದಿಗಳ ಬಿಡುಗಡೆಯಾಗಬೇಕು ಎಂಬ ವಿಷಯಗಳಿವೆ. ಔಷಧಿ ರೋಗದ ಬಗ್ಗೆ ಏನಾದರೂ ಹೇಳುವುದಾದರೆ, ರೋಗ ಎಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇನ್ನೂ ಹರಿತವಾದ ಪ್ರಶ್ನೆಯೊಂದಿದೆ: ಪವಿತ್ರ ಸ್ಥಳದ ವಿವಾದ ನಾಳೆ ಬಗೆಹರಿದರೆ ಜಗಳ ನಿಲ್ಲುತ್ತದೆಯೇ? ಸಾಮಾನ್ಯವಾಗಿ ಇದಕ್ಕೆ ಊಹೆಯಿಂದಲೇ ಉತ್ತರಿಸಬೇಕಾಗುತ್ತದೆ. ಆದರೆ ಚರಿತ್ರೆ ಒಮ್ಮೊಮ್ಮೆ ಆ ಪ್ರಯೋಗವನ್ನು ತಾನೇ ಮಾಡಿ ತೋರಿಸುತ್ತದೆ. ಕ್ರಿಮಿಯಾ ಯುದ್ಧದ ಮುನ್ನುಡಿಯಾಗಿ ಎಲ್ಲ ಪಠ್ಯಗಳಲ್ಲೂ ಬರುವ ಸಂಗತಿ ಬೆತ್ಲೆಹೇಮ್ ಮತ್ತು ಜೆರುಸಲೇಮಿನ ಚರ್ಚುಗಳಲ್ಲಿ ಕ್ಯಾಥೊಲಿಕರ ಮತ್ತು ಆರ್ಥೊಡಾಕ್ಸರ ಹಕ್ಕುಗಳ ಜಗಳ. 1847ರಲ್ಲಿ ಬೆತ್ಲೆಹೇಮಿನ ಚರ್ಚಿನಿಂದ ಬೆಳ್ಳಿಯ ನಕ್ಷತ್ರವೊಂದು ಕಾಣೆಯಾಯಿತು. ಕ್ಯಾಥೊಲಿಕರ ಪರವಾಗಿ ಫ್ರಾನ್ಸ್, ಆರ್ಥೊಡಾಕ್ಸರ ಪರವಾಗಿ ರಷ್ಯಾ ಆಟೊಮನ್ ಸುಲ್ತಾನನ ಮೇಲೆ ಒತ್ತಡ ಹೇರಿದವು. ಇಲ್ಲಿಗೆ ನಿಲ್ಲಿಸುವ ಓದುಗರು ಒಂದು ಮುಖ್ಯ ಸಂಗತಿಯನ್ನು ತಪ್ಪಿಸಿಕೊಳ್ಳುತ್ತಾರೆ. 1853ರ ಮೇ ತಿಂಗಳ ಆರಂಭದಲ್ಲಿ ಪವಿತ್ರ ಸ್ಥಳಗಳ ಪ್ರಶ್ನೆಯನ್ನು ರಾಯಭಾರಿಗಳು ಬಗೆಹರಿಸಿಬಿಟ್ಟಿದ್ದರು. ಉಳಿದದ್ದು ಸುಲ್ತಾನನ ಕೋಟ್ಯಂತರ ಆರ್ಥೊಡಾಕ್ಸ್ ಪ್ರಜೆಗಳ ಮೇಲೆ ತನಗೆ ರಕ್ಷಕನ ಅಧಿಕಾರ ಬೇಕೆಂಬ ರಷ್ಯಾದ ಬೇಡಿಕೆ. ಅದನ್ನೊಪ್ಪಿದರೆ ಸಾಮ್ರಾಜ್ಯದೊಳಗೆ ಇನ್ನೊಬ್ಬ ದೊರೆಯನ್ನು ಕೂರಿಸಿದಂತಾಗುತ್ತಿತ್ತು. ಮಾತುಕತೆ ಮುರಿಯಿತು, ಅಕ್ಟೋಬರಿನಲ್ಲಿ ಯುದ್ಧ ಘೋಷಣೆಯಾಯಿತು, ಮರುವರ್ಷ ಬ್ರಿಟನ್ ಮತ್ತು ಫ್ರಾನ್ಸ್ ಮುಸ್ಲಿಂ ಸುಲ್ತಾನನ ಪರವಾಗಿ ಕ್ರೈಸ್ತ ರಷ್ಯಾದ ವಿರುದ್ಧ ಸೇರಿಕೊಂಡವು. ಸ್ಥಳದ ವಿವಾದ ಹೋದರೂ ಯುದ್ಧ ಬಂತು.

ಸ್ಥಳದ ಗುಣವನ್ನು ಹಗುರವಾಗಿ ಕಾಣಬೇಡಿ

ಇಷ್ಟು ಓದಿದವರಿಗೆ ಪವಿತ್ರ ಸ್ಥಳಗಳು ಬರೀ ನೆಪವೆಂದು ಅನ್ನಿಸತೊಡಗಿದರೆ, ಅದೂ ಅಷ್ಟೇ ದೊಡ್ಡ ತಪ್ಪು. ಪವಿತ್ರ ಸ್ಥಳಕ್ಕೆ ಬೇರೆ ಯಾವ ಆಸ್ತಿಗೂ ಇಲ್ಲದ ಕೆಲವು ಗುಣಗಳಿವೆ, ಮತ್ತು ಅವು ತಮ್ಮ ಪಾಲಿನ ಕೆಲಸವನ್ನು ಮಾಡಿಯೇ ಮಾಡುತ್ತವೆ. ಜಮೀನನ್ನು ಪಾಲು ಮಾಡಬಹುದು, ನದಿಯ ನೀರನ್ನು ಅಳೆದು ಹಂಚಬಹುದು, ಕಳೆದುಕೊಂಡ ಊರಿಗೆ ಪರಿಹಾರ ಧನ ಕೊಡಬಹುದು; ಭಕ್ತನ ಕಣ್ಣಿನಲ್ಲಿ ಪವಿತ್ರ ಸ್ಥಳಕ್ಕೆ ಅರ್ಧ ಎಂಬುದಿಲ್ಲ, ಬದಲಿ ಎಂಬುದಿಲ್ಲ, ಬೆಲೆ ಎಂಬುದಿಲ್ಲ. ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮಕ್ಕಳಿಗೂ ಗೊತ್ತಿರುವುದರಿಂದ ಅತಿ ಸಣ್ಣ ಕೃತ್ಯವೂ ಅತಿಕ್ರಮಣವಾಗಿ ಕಾಣುತ್ತದೆ. ಆದ್ದರಿಂದ ನಿಮ್ಮ ಪರಿಶೀಲನೆಯಲ್ಲಿ ಸ್ಥಳದ ದೈನಂದಿನ ಆಡಳಿತಕ್ಕೆ ಸಾಕಷ್ಟು ಸಮಯ ಕೊಡಿ: ಬೀಗದ ಕೈ ಯಾರ ಬಳಿಯಿದೆ, ದುರಸ್ತಿಗೆ ಯಾರ ಅನುಮತಿ ಬೇಕು, ಮೆರವಣಿಗೆ ಯಾವ ಬೀದಿಯಲ್ಲಿ ಹಾದುಹೋಗುತ್ತದೆ, ಯಾವ ವೇಳೆಯಲ್ಲಿ ಯಾರು ಒಳಗೆ ಬರಬಹುದು, ಕಾವಲು ಯಾರದು. ದೊಡ್ಡ ಗ್ರಂಥಗಳಲ್ಲಿ ಸಿಗದ ಕಾರಣಗಳು ಈ ಸಣ್ಣ ನಿಯಮಗಳಲ್ಲಿ ಸಿಗುತ್ತವೆ.

ಜೆರುಸಲೇಮಿನ ಪಶ್ಚಿಮ ಗೋಡೆಯ 1929ರ ಹಿಂಸಾಚಾರವನ್ನು ಇಡಿಯಾಗಿ ಈ ಕ್ರಮದಲ್ಲಿ ಓದೋಣ. ಯಹೂದಿಗಳಿಗೆ ಅತ್ಯಂತ ಪವಿತ್ರವಾದ ಪ್ರಾರ್ಥನಾ ಸ್ಥಳ ಆ ಗೋಡೆ. ಅದರ ಮೇಲಿನ ಆವರಣ ಅಲ್ ಅಕ್ಸಾ ಮಸೀದಿಯಿರುವ, ಮುಸ್ಲಿಮರಿಗೆ ಪವಿತ್ರವಾದ ಹರಮ್. 1928ರ ಸೆಪ್ಟೆಂಬರಿನಲ್ಲಿ ಯಹೂದಿಗಳ ದೊಡ್ಡ ಉಪವಾಸದ ದಿನ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಲು ಅಲ್ಲಿ ಒಂದು ತೆರೆ ಕಟ್ಟಲಾಯಿತು. ತೆರೆ ಇಂದು ಬಂದರೆ ನಾಳೆ ಹಕ್ಕು ಬರುತ್ತದೆಂದು ಮುಸ್ಲಿಂ ಮುಖಂಡರು ದೂರಿದರು. ಆಗ ಪ್ಯಾಲೆಸ್ಟೀನನ್ನು ಆಳುತ್ತಿದ್ದ ಬ್ರಿಟಿಷರ ಪೊಲೀಸರು ಪ್ರಾರ್ಥನೆಯ ನಡುವೆಯೇ ಅದನ್ನು ಕಿತ್ತುಹಾಕಿದರು. ಒಂದು ವರ್ಷ ಕಾಲ ದೂರು, ಪ್ರತಿದೂರು, ವದಂತಿ ಬೆಳೆದವು. 1929ರ ಆಗಸ್ಟ್ ಮಧ್ಯದಲ್ಲಿ ಗೋಡೆಯ ಬಳಿ ಯಹೂದಿ ಯುವಕರ ಪ್ರದರ್ಶನ, ಮರುದಿನ ಮುಸ್ಲಿಮರ ಪ್ರತಿಪ್ರದರ್ಶನ, 23ರಂದು ಹಿಂಸೆ. ಹೆಬ್ರಾನಿನಲ್ಲಿ 67 ಯಹೂದಿಗಳನ್ನು ಕೊಲ್ಲಲಾಯಿತು. ಒಟ್ಟು 133 ಯಹೂದಿಗಳೂ 116 ಅರಬರೂ ಸತ್ತರು. ಅರಬರಲ್ಲಿ ಬಹುಪಾಲು ಜನ ಬ್ರಿಟಿಷ್ ಪಡೆಗಳ ಗುಂಡಿಗೆ ಬಲಿಯಾದರು.

ತನಿಖೆ ನಡೆಸಿದ ಬ್ರಿಟಿಷ್ ಸರಕಾರದ ಶಾ ಆಯೋಗ ಗೋಡೆಯ ಘಟನೆಗಳನ್ನು ತಕ್ಷಣದ ಕಾರಣಗಳಲ್ಲಿ ಸೇರಿಸಿತು. ಮೂಲದಲ್ಲಿ ಅದು ಕಂಡದ್ದು ಅರಬರ ರಾಜಕೀಯ ಆಶೋತ್ತರಗಳು ಈಡೇರದ ನಿರಾಶೆ, ಯಹೂದಿ ವಲಸೆಯಿಂದಲೂ ಜಮೀನು ಖರೀದಿಯಿಂದಲೂ ತಮ್ಮ ಆರ್ಥಿಕ ಭವಿಷ್ಯ ಹಾಳಾಗುವುದೆಂಬ ಭಯ. ಗೋಡೆಯ ಪ್ರಶ್ನೆಗಾಗಿ ಪ್ರತ್ಯೇಕ ಅಂತಾರಾಷ್ಟ್ರೀಯ ಆಯೋಗವೊಂದು ಕುಳಿತು, ಒಡೆತನ ಮುಸ್ಲಿಮರದು, ಪ್ರಾರ್ಥನೆಗೆ ಬರುವ ಹಕ್ಕು ಯಹೂದಿಗಳದು ಎಂದು ನಿರ್ಣಯಿಸಿತು. 1931ರಲ್ಲಿ ಅದು ಆದೇಶವಾಯಿತು. ಐದು ವರ್ಷಗಳ ನಂತರ, 1936ರಲ್ಲಿ, ಇನ್ನೂ ದೊಡ್ಡ ಬಂಡಾಯ ಎದ್ದಿತು. ಪ್ಯಾಲೆಸ್ಟೀನಿನ ಅರಬ್ ಮುಖಂಡರ ಒಕ್ಕೂಟವಾದ ಅರಬ್ ಉನ್ನತ ಸಮಿತಿ ಆಗ ಮುಂದಿಟ್ಟ ಬೇಡಿಕೆಗಳು ಮೂರು: ವಲಸೆ ನಿಲ್ಲಬೇಕು, ಜಮೀನು ಪರಭಾರೆ ನಿಲ್ಲಬೇಕು, ಪ್ರಾತಿನಿಧಿಕ ರಾಷ್ಟ್ರೀಯ ಸರಕಾರ ಬೇಕು. ಗೋಡೆ ಅವುಗಳಲ್ಲಿ ಒಂದಾಗಿರಲಿಲ್ಲ. ಆರಂಭದ ಪುಟದಲ್ಲಿ ಬರೆಯಬೇಕಾದದ್ದು ಇದರಿಂದ ತಿಳಿಯಿತು. ಹರಡುವಿಕೆಯ ಪುಟವೇ ಬೇರೆ: ಜಮೀನಿನ ಕ್ರಯಪತ್ರವೊಂದರ ಸುದ್ದಿ ಕೇಳಿ ದೂರದ ಊರಿನವನು ಅದೇ ದಿನ ಬೀದಿಗಿಳಿಯುವುದಿಲ್ಲ, ಮಸೀದಿಗೆ ಅಪಾಯ ಬಂದಿದೆಯೆಂಬ ಮಾತಿಗೆ ಇಳಿಯುತ್ತಾನೆ.

ಅದೇ ಸ್ಥಳದ ಮುಂದಿನ ಚರಿತ್ರೆಯಲ್ಲಿ ಮೂರನೆಯ ಪುಟ ತುಂಬುತ್ತ ಹೋಗುತ್ತದೆ. 1967ರಲ್ಲಿ ಇಸ್ರೇಲ್ ಪೂರ್ವ ಜೆರುಸಲೇಮನ್ನು ವಶಪಡಿಸಿಕೊಂಡಾಗ ರಕ್ಷಣಾ ಸಚಿವ ಮೋಶೆ ದಯಾನ್ ಆವರಣದೊಳಗಿನ ಆಡಳಿತವನ್ನು ಮುಸ್ಲಿಂ ವಕ್ಫ್‌ಗೇ ಬಿಟ್ಟುಕೊಟ್ಟರು. ಸ್ಥಳದ ಗುಣವನ್ನರಿತು ಮಾಡಿದ ಆ ನಿರ್ಧಾರ ದಶಕಗಳ ಕಾಲ ಒಂದಷ್ಟು ಶಾಂತಿಯನ್ನು ಕಾಯ್ದಿತು. 2000ದ ಜುಲೈನಲ್ಲಿ ಇಸ್ರೇಲಿಗಳ ಮತ್ತು ಪ್ಯಾಲೆಸ್ಟೀನಿಯರ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದುಬಿದ್ದಾಗ ಆ ಆವರಣದ ಸಾರ್ವಭೌಮತ್ವ ಯಾರದೆಂಬುದು ಬಗೆಹರಿಯದ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಸೆಪ್ಟೆಂಬರ್ 28ರಂದು ಇಸ್ರೇಲಿನ ಆಗಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ಅಲ್ಲಿಗೆ ಭೇಟಿ ಕೊಟ್ಟ ಬೆನ್ನಿಗೆ ಎರಡನೆಯ ಇಂತಿಫಾದ, ಅಂದರೆ ಪ್ಯಾಲೆಸ್ಟೀನಿಯರ ಬಂಡಾಯ, ಭುಗಿಲೆದ್ದಿತು. ಹಿಂಸೆಯ ಕಾರಣಗಳನ್ನು ಪರಿಶೀಲಿಸಿದ ಅಂತಾರಾಷ್ಟ್ರೀಯ ಮಿಚೆಲ್ ಸಮಿತಿಯ 2001ರ ವರದಿ ಭೇಟಿಯನ್ನು ಇಂತಿಫಾದದ ಕಾರಣವೆಂದು ಕರೆಯಲಿಲ್ಲ. ಆದರೆ ಅದು ಕೆರಳಿಸುತ್ತದೆಂಬುದನ್ನು ಮುಂಚೆಯೇ ಊಹಿಸಬೇಕಿತ್ತೆಂದು ಹೇಳಿತು. ಇಂಥ ಅಳೆದು ತೂಗಿದ ವಾಕ್ಯವನ್ನು ಬರೆಯುವುದನ್ನು ಕಲಿಯಬೇಕು. 2017ರ ಜುಲೈನಲ್ಲಿ ಇಬ್ಬರು ಪೊಲೀಸರ ಹತ್ಯೆಯ ನಂತರ ಪ್ರವೇಶದ್ವಾರಗಳಲ್ಲಿ ಲೋಹಶೋಧಕಗಳನ್ನಿಟ್ಟಾಗ ಸಾವಿರಾರು ಜನ ಒಳಗೆ ಹೋಗಲೊಪ್ಪದೆ ಬೀದಿಯಲ್ಲೇ ನಮಾಜು ಮಾಡಿದರು, ಎರಡು ವಾರದೊಳಗೆ ಅವನ್ನು ತೆಗೆಯಬೇಕಾಯಿತು. ವಿಮಾನ ನಿಲ್ದಾಣದಲ್ಲಿ ಯಾರೂ ಗಮನಿಸದ ಯಂತ್ರ ಅಲ್ಲಿ ಒಡೆತನದ ಘೋಷಣೆಯಾಗಿ ಕಂಡಿತ್ತು. ಹೀಗೆ ಆರಂಭಕ್ಕೆ ಕಾರಣವಲ್ಲದ್ದು ಕಾಲ ಕಳೆದಂತೆ ಮುಗಿಯದಿರುವುದಕ್ಕೆ ಕಾರಣವಾಗಿ ಬಲಿಯಬಲ್ಲದು.

ಹಾಗೆಂದು ಪವಿತ್ರ ಸ್ಥಳವನ್ನು ಹಂಚಿಕೊಳ್ಳುವುದು ಅಸಾಧ್ಯವೆಂಬ ನಿರ್ಣಯಕ್ಕೂ ಬರಬೇಡಿ. ಅದೇ ನಗರದ ಪವಿತ್ರ ಸಮಾಧಿಯ ಚರ್ಚನ್ನು ಆರು ಕ್ರೈಸ್ತ ಪಂಗಡಗಳು ಹಂಚಿಕೊಂಡಿವೆ. 1757ರ ಮತ್ತು 1852ರ ಆಟೊಮನ್ ಫರ್ಮಾನುಗಳು (ಸುಲ್ತಾನನ ಆಜ್ಞೆಗಳು) ನೆಲೆಗೊಳಿಸಿದ ಯಥಾಸ್ಥಿತಿಯ ಪ್ರಕಾರ ಯಾವ ದೀಪ ಯಾರದು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಯಾವ ಗಳಿಗೆಯಲ್ಲಿ ಯಾರ ಪೂಜೆ ಎಂಬುದೆಲ್ಲ ಗೊತ್ತಾಗಿದೆ. ಬಾಗಿಲಿನ ಕೀಲಿ ತಲೆಮಾರುಗಳಿಂದ ಮುಸ್ಲಿಂ ಕುಟುಂಬಗಳ ಕೈಯಲ್ಲಿದೆ. ಶಾಂತಿ ಅಲ್ಲಿ ಪರಿಪೂರ್ಣವಾಗಿಲ್ಲ, 2008ರಲ್ಲೂ ಸನ್ಯಾಸಿಗಳು ಪರಸ್ಪರ ಕೈಮಾಡಿದ್ದರು. ಆದರೂ ಸಮಾಧಿಯ ಮೇಲಿನ ಶಿಥಿಲ ಮಂಟಪವನ್ನು ದುರಸ್ತಿ ಮಾಡಲು ಮುಖ್ಯ ಪಂಗಡಗಳು ಒಪ್ಪಿ 2017ರಲ್ಲಿ ಆ ಕೆಲಸ ಮುಗಿಸಿದವು. ಭಾರತದಲ್ಲಿ 1991ರಲ್ಲಿ ಬಂದ ಪೂಜಾ ಸ್ಥಳಗಳ ಕಾಯಿದೆ, ಅಯೋಧ್ಯೆಯನ್ನು ಹೊರತುಪಡಿಸಿ, 1947ರ ಆಗಸ್ಟ್ 15ರ ಸ್ಥಿತಿಯನ್ನೇ ಉಳಿಸಬೇಕೆಂದದ್ದೂ ಇದೇ ಬಗೆಯ ಉಪಾಯ. ಯಥಾಸ್ಥಿತಿ ಯಾರನ್ನೂ ಪೂರ್ತಿ ತೃಪ್ತಿಪಡಿಸುವುದಿಲ್ಲ. ಅದು ಉಳಿಯುವುದು ಅದನ್ನು ಮುರಿಯುವವರಿಗೆ ರಾಜಕೀಯ ಲಾಭವಾಗದಂತೆ ಅಧಿಕಾರದಲ್ಲಿರುವವರು ನೋಡಿಕೊಳ್ಳುವವರೆಗೆ ಮಾತ್ರ. ನೀವು ಪರಿಶೀಲಿಸುತ್ತಿರುವ ಸ್ಥಳದಲ್ಲಿ ಇಂಥ ನಿಯಮವಿದೆಯೇ, ಅದನ್ನು ಕಾಯುವವರು ಯಾರು, ಇತ್ತೀಚೆಗೆ ಅದನ್ನು ಸಡಿಲಿಸಿದವರು ಯಾರು ಎಂಬ ಪ್ರಶ್ನೆಗಳು ಮುಂದಿನ ಗಲಭೆಯನ್ನು ಮೊದಲೇ ಸೂಚಿಸಬಲ್ಲವು.

ಭಕ್ತರ ಮಾತನ್ನೂ ಕೇಳಿ

ಪ್ರತಿ ಧಾರ್ಮಿಕ ಮಾತಿನ ಹಿಂದೆಯೂ ಆಸ್ತಿ, ಅಧಿಕಾರಗಳನ್ನೇ ಹುಡುಕುವ ಅಭ್ಯಾಸ ಬುದ್ಧಿವಂತಿಕೆಯಂತೆ ಕಾಣುತ್ತದೆ, ಕೆಲವೊಮ್ಮೆ ಕುರುಡಾಗಿಸುತ್ತದೆ. 1979ರ ನವೆಂಬರ್ 20ರಂದು, ಹಿಜರಿ 1400ನೆಯ ವರ್ಷದ ಮೊದಲ ದಿನ, ಜುಹೈಮಾನ್ ಅಲ್ ಉತೈಬಿಯ ನೇತೃತ್ವದ ಸಶಸ್ತ್ರ ಗುಂಪೊಂದು ಮೆಕ್ಕಾದ ಮಹಾಮಸೀದಿಯನ್ನು ವಶಪಡಿಸಿಕೊಂಡು ತಮ್ಮಲ್ಲೊಬ್ಬನನ್ನು ಮೆಹದಿ, ಅಂದರೆ ಅಂತ್ಯಕಾಲದಲ್ಲಿ ಬರುವನೆಂದು ನಂಬಲಾದ ಉದ್ಧಾರಕ, ಎಂದು ಘೋಷಿಸಿತು. ರಾಜಮನೆತನದ ಮೇಲಿನ ಕೋಪವೂ ಅವರಲ್ಲಿತ್ತು, ನಿಜ. ಆದರೆ ದಿನ, ಸ್ಥಳ, ಘೋಷಣೆ ಮೂರನ್ನೂ ಅವರು ಆರಿಸಿದ್ದು ಅಂತ್ಯಕಾಲದ ಭವಿಷ್ಯವಾಣಿಯನ್ನು ನಂಬಿ. ಆ ನಂಬಿಕೆಯನ್ನು ಬಿಟ್ಟು ಘಟನೆಯನ್ನು ವಿವರಿಸಲಾಗದು. ಅಮೆರಿಕವೇ ಇದನ್ನು ಮಾಡಿಸಿತೆಂಬ ವದಂತಿ ಹಬ್ಬಿ ಮರುದಿನವೇ ಇಸ್ಲಾಮಾಬಾದಿನ ಅಮೆರಿಕನ್ ರಾಯಭಾರ ಕಚೇರಿಗೆ ಬೆಂಕಿ ಬಿದ್ದದ್ದು ಹರಡುವಿಕೆಯ ವೇಗಕ್ಕೆ ಸಾಕ್ಷಿ. ಆದ್ದರಿಂದ ಪಾಲ್ಗೊಂಡವರು ತಮ್ಮವರಿಗೆಂದೇ ಬರೆದ ಕರಪತ್ರಗಳನ್ನು, ಮಾಡಿದ ಪ್ರವಚನಗಳನ್ನು ಓದಿ, ಮತ್ತು ಅವರು ತಮ್ಮ ನಂಬಿಕೆಗಾಗಿ ಲೌಕಿಕ ಲಾಭವನ್ನು ಬಿಟ್ಟುಕೊಟ್ಟ ಸಂದರ್ಭಗಳಿವೆಯೇ ನೋಡಿ. ಲಾಭಕ್ಕೆ ವಿರುದ್ಧವಾಗಿ ನಡೆದವರ ಮಾತನ್ನು ನೆಪವೆಂದು ತಳ್ಳಿಹಾಕುವುದು ಕಷ್ಟ.

ನಂಬಿಕೆ ಶಾಂತಿಯ ಕಡೆಗೆ ಎಳೆದ ಸಾಕ್ಷ್ಯವನ್ನೂ ಅಷ್ಟೇ ಎಚ್ಚರದಿಂದ ದಾಖಲಿಸಿ. ಪುಲ್ವಾಮಾ ದಾಳಿ, ಬಾಲಾಕೋಟ್ ವಾಯುದಾಳಿ ನಡೆದ 2019ರಲ್ಲೇ, ನವೆಂಬರ್ 9ರಂದು, ಗುರುನಾನಕರು ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರಕ್ಕೆ ಭಾರತದ ಯಾತ್ರಿಕರು ವೀಸಾ ಇಲ್ಲದೆ ಹೋಗುವ ದಾರಿಯನ್ನು ಭಾರತ ಮತ್ತು ಪಾಕಿಸ್ತಾನ ತೆರೆದವು.

ತೀರ್ಮಾನವನ್ನು ಬರೆಯುವ ಬಗೆ

ಮೂರು ಪುಟಗಳೂ ತುಂಬಿದ ಮೇಲೆ ತೀರ್ಮಾನವನ್ನು ಒಂದೇ ಪದದಲ್ಲಿ ಹೇಳುವ ಆಸೆಯನ್ನು ಬಿಡಿ. ಆರಂಭ, ಹರಡುವಿಕೆ, ಮುಂದುವರಿಕೆ ಪ್ರತಿಯೊಂದಕ್ಕೂ ಒಂದೊಂದು ವಾಕ್ಯ ಬರೆದು, ಆ ವಾಕ್ಯಕ್ಕೆ ಆಧಾರವಾದ ಒಂದು ದಿನಾಂಕವನ್ನೋ ದಾಖಲೆಯನ್ನೋ ಅದರ ಪಕ್ಕದಲ್ಲೇ ಇಡಿ; ಆಧಾರ ಸಿಗದ ವಾಕ್ಯವನ್ನು ಹೊಡೆದುಹಾಕಿ. "ಮುಸ್ಲಿಮರು", "ಹಿಂದೂಗಳು", "ಯಹೂದಿಗಳು", "ಕ್ಯಾಥೊಲಿಕರು" ಎಂಬ ಪದಗಳು ಕರ್ತೃಸ್ಥಾನದಲ್ಲಿ ಬಂದ ಕಡೆಯಲ್ಲೆಲ್ಲ, ಅಲ್ಲಿ ನಿಜವಾಗಿ ಇದ್ದದ್ದು ಯಾವ ಸಂಘಟನೆ, ಯಾವ ಸಚಿವ, ಯಾವ ಗುಂಪು ಎಂದು ಬದಲಿಸಿ ಬರೆಯಲು ಪ್ರಯತ್ನಿಸಿ. ಬದಲಿಸಲು ಬಂದರೆ ಮೊದಲಿನ ವಾಕ್ಯ ಅನ್ಯಾಯದ್ದಾಗಿತ್ತೆಂದು ತಿಳಿಯುತ್ತದೆ. ಬರದಿದ್ದರೆ ಇನ್ನಷ್ಟು ಓದುವುದು ಬಾಕಿಯಿದೆ. ಕೊನೆಗೆ, ಯಾವ ಹೊಸ ಸಂಗತಿ ಸಿಕ್ಕರೆ ಈ ತೀರ್ಮಾನ ಬದಲಾಗಬೇಕಾಗುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ: ಸ್ಥಳದ ವಿವಾದ ಬಗೆಹರಿದ ಕೂಡಲೇ ಹಿಂಸೆ ನಿಂತ ದಾಖಲೆಯೋ, ಲಿಖಿತ ಬೇಡಿಕೆಗಳಲ್ಲಿ ಪೂಜೆಯ ಹಕ್ಕೇ ಮೊದಲನೆಯದಾಗಿ ಬಂದ ಪತ್ರವೋ, ಅಥವಾ ಎರಡೂ ಕಡೆಯ ಮಿತ್ರರು ಧರ್ಮದ ಗೆರೆಯನ್ನು ಎಲ್ಲೂ ದಾಟದ ಪಟ್ಟಿಯೋ.